ಗೆರೆ ಇಲ್ಲದ ಬ್ಯಾಟರಿ

ಸಿಡುಕಿ ಎಂದು ಹೆಸರಿಟ್ಟವರು ಯಾರೋ ಪುಣ್ಯಾತ್ಮರು, ಅಳೆದು ತೂಗಿಯೇ ಇಟ್ಟಿದ್ದರು. ಅವಳಿಗೆ ಕೋಪ ಮೂಗಿನ ತುದಿಯಲ್ಲಿದೆ ಎಂದು ಆಸ್ಪತ್ರೆಯವರೆಲ್ಲ ಆಡಿಕೊಳ್ಳುತ್ತಿದ್ದರು. ಶುದ್ಧ ಸುಳ್ಳು. ಮೂಗಿನ ತುದಿಯವರೆಗೆ ಏರಿ ಹೋಗುವಷ್ಟು ಪುರುಸೊತ್ತು ಆ ಕೋಪಕ್ಕೆ ಎಲ್ಲಿಂದ ಬರಬೇಕು? ಅದು ನಾಲಿಗೆಯ ಮೇಲೇ ಚಕ್ಕಳಮಕ್ಕಳ ಹಾಕಿಕೊಂಡು ಕೂತಿರುತ್ತಿತ್ತು. ಆದರೆ ಆ ವಾರ ಅವಳು ಕೂಗಾಡಿದ್ದಕ್ಕೆ ಮಾತ್ರ ಯಾರೂ ಅವಳನ್ನು ಬೈಯುವಂತಿಲ್ಲ. ಅವಳ ಜಾಗದಲ್ಲಿ ನೀವಿದ್ದಿದ್ದರೆ ನೀವೂ ಕೂಗಾಡುತ್ತಿದ್ದಿರಿ.

ದೊಡ್ಡ ಆಸ್ಪತ್ರೆ, ಅದಕ್ಕೊಂದು ಸಭಾಂಗಣ. ಸಭಾಂಗಣದ ಹಿಂಬದಿಯಲ್ಲಿ, ಗಾಜಿನ ಕಿಟಕಿಯ ಆಚೆ, ಇಬ್ಬರು ನಿಂತರೆ ಮೂರನೆಯವರು ಉಸಿರು ಬಿಗಿಹಿಡಿಯಬೇಕಾದ ಒಂದು ಗೂಡು. ಅದೇ ಸೌಂಡ್ ರೂಮು. ಮೈಕುಗಳ ದನಿ ಏರಿಸಿ ಇಳಿಸುವ ಒಂದು ಮಿಕ್ಸರ್ ಹಲಗೆ, ಕೈ ಮುರಿದ ಒಂದು ಕುರ್ಚಿ, ಸುರುಳಿ ಸುತ್ತಿದ ವೈರುಗಳು, ಅವುಗಳ ನಡುವೆ ಸಿಡುಕಿ. ವೇದಿಕೆಯ ಮೇಲೆ ಅಧ್ಯಕ್ಷರ ಮುಂದೆ ವೈರಿನ ಮೈಕು. ಸಭಿಕರ ನಡುವೆ ಕೈಯಿಂದ ಕೈಗೆ ದಾಟಿಸಲು ವೈರಿಲ್ಲದ ಮೈಕು. ವೈರಿನದ್ದಕ್ಕೆ ಬ್ಯಾಟರಿಯ ಹಂಗಿಲ್ಲ. ವೈರಿಲ್ಲದ್ದು ಹಾಗಲ್ಲ, ಹೊಟ್ಟೆಯಲ್ಲಿ ಬ್ಯಾಟರಿ ಇದ್ದರೆ ಉಂಟು, ಸತ್ತರೆ ಇಲ್ಲ.

ಜಗಳ ಶುರುವಾದದ್ದು ಆ ಬ್ಯಾಟರಿಯಿಂದಲೇ. ಸಭಾಂಗಣದ ಮ್ಯಾನೇಜರು ಒಂದು ದಿನ ಹೊಸ ಡಬ್ಬಿಯೊಂದನ್ನು ಹಿಡಿದುಕೊಂಡು, ಮಗುವಿಗೆ ಹೆಸರಿಡುವವರ ಮುಖ ಮಾಡಿಕೊಂಡು ಬಂದರು. ಗೋಡೆಗೊಂದರಂತೆ 'ಹಸಿರು ಉಳಿಸಿ' ಎಂದು ಚೀಟಿ ಅಂಟಿಸುತ್ತಿದ್ದ ಆ ಮನುಷ್ಯನಿಗೆ ಸಿಡುಕಿ ಹಸಿರಪ್ಪ ಎಂದು ಹೆಸರಿಟ್ಟಿದ್ದಳು. ಅದು ಎಷ್ಟು ಚೆನ್ನಾಗಿ ಅಂಟಿಕೊಂಡಿತ್ತೆಂದರೆ ಅವರ ನಿಜವಾದ ಹೆಸರು ಸಂಬಳದ ದಿನ ಬಿಟ್ಟರೆ ಯಾರಿಗೂ ನೆನಪಾಗುತ್ತಿರಲಿಲ್ಲ.

"ಇನ್ಮೇಲೆ ಎಸೆಯೋ ಬ್ಯಾಟರಿ ಬಂದ್," ಎಂದರು ಹಸಿರಪ್ಪ. "ಇವು ಚಾರ್ಜ್ ಮಾಡಿ ಚಾರ್ಜ್ ಮಾಡಿ ಬಳಸೋದು. ನಿನ್ನ ಕಸದ ಬುಟ್ಟಿ ನೋಡಿದರೆ ನನಗೆ ನಾಚಿಕೆ ಆಗತ್ತಮ್ಮ."

"ಎಸೆಯೋದು ನನಗೇನು ಹಬ್ಬಾನಾ ಸಾರ್? ಆದರೆ ಆ ಬ್ಯಾಟರಿ ಸಾಯೋ ಮುಂಚೆ ಹೇಳಿ ಸಾಯತ್ತೆ. ಮೈಕಿನ ಮೇಲೆ ಮೂರು ಗೆರೆ ಇದ್ದದ್ದು ಎರಡಾಗತ್ತೆ, ಎರಡು ಒಂದಾಗತ್ತೆ, ನಾನು ಎದ್ದು ಹೋಗಿ ಬದಲಾಯಿಸ್ತೀನಿ. ನಿಮ್ಮದು? ಕೊನೇ ಉಸಿರಿನ ತನಕ ಮೂರು ಗೆರೆ ತೋರಿಸ್ಕೊಂಡು ಹಲ್ಲು ಕಿರೀತಾ ಇರತ್ತೆ. ಆಮೇಲೆ ಗೊಟಕ್!"

"ಮುಂಚೇನೇ ಚಾರ್ಜ್ ಮಾಡಿಟ್ಟರೆ ಆಯ್ತು."

"ಯಾವುದು ಚಾರ್ಜ್ ಆಗಿದೆ, ಯಾವುದು ಆಗಿಲ್ಲ ಅಂತ ಅದರ ಹಣೇಲಿ ಬರೆದಿರತ್ತಾ?"

"ನೀನೇ ಬರಿ," ಎಂದರು ಹಸಿರಪ್ಪ. ಹಳೆಯ ಬ್ಯಾಟರಿಗಳ ಪೆಟ್ಟಿಗೆಯನ್ನು ಕಂಕುಳಲ್ಲಿ ಇರುಕಿಕೊಂಡು ಹೊರಟೇಬಿಟ್ಟರು.

ಸಿಡುಕಿಗೆ ಮೈಯೆಲ್ಲ ಉರಿಯಿತು. ಮನುಷ್ಯ ಹೇಳಿದ್ದರಲ್ಲಿ ತಪ್ಪು ಹುಡುಕಲು ಹೋದರೆ ಸಿಗುತ್ತಿರಲಿಲ್ಲ, ಅದೇ ಇನ್ನೂ ಉರಿ. ಪ್ರತಿ ಕಾರ್ಯಕ್ರಮಕ್ಕೂ ಹೊಸ ಬ್ಯಾಟರಿ ಹಾಕುವುದು, ಅರ್ಧ ಜೀವ ಇರುವಾಗಲೇ ತೆಗೆದುಬಿಡುವುದು ಅವಳ ಪದ್ಧತಿ. ಹಾಗೆ ತೆಗೆದದ್ದರ ಮೇಲೆ ಕಪ್ಪು ಪೆನ್ನಿನಲ್ಲಿ ಒಂದು ಗೆರೆ ಎಳೆಯುತ್ತಿದ್ದಳು. ಗೆರೆ ಇದ್ದರೆ ಬಳಸಿದ್ದು, ಮತ್ತೆ ಮೈಕಿಗೆ ಹಾಕಬಾರದು. ಗೆರೆ ಇಲ್ಲದಿದ್ದರೆ ಹೊಸದು. ಆದರೆ ಗೆರೆ ಬಿದ್ದದ್ದನ್ನು ಕಸಕ್ಕೆ ಎಸೆಯಲು ಅವಳಿಗೂ ಮನಸ್ಸು ಬರುತ್ತಿರಲಿಲ್ಲ. ಚೀಲಕ್ಕೆ ಹಾಕಿಕೊಂಡು ಮನೆಗೆ ಒಯ್ದು ಅಕ್ಕನ ಕೈಗೆ ಕೊಡುತ್ತಿದ್ದಳು. ಮನೆಯ ಗೋಡೆ ಗಡಿಯಾರ, ಟಾರ್ಚು, ಟಿವಿಯ ರಿಮೋಟು, ಎಲ್ಲವೂ ಆ ಗೆರೆ ಬಿದ್ದ ಬ್ಯಾಟರಿಗಳ ಮೇಲೆಯೇ ಸಂಸಾರ ಮಾಡುತ್ತಿದ್ದವು. ಹೊಸ ಬ್ಯಾಟರಿ ಬಂದ ಮೇಲೂ ಅವಳು ಅದೇ ನಿಯಮ ಇಟ್ಟುಕೊಂಡಳು. ಬಳಸಿದ ಮೇಲೆ ಗೆರೆ. ಚಾರ್ಜ್ ಆದ ಮೇಲೆ ನರ್ಸುಗಳ ಕೋಣೆಯಿಂದ ತಂದ ಸ್ಪಿರಿಟ್ ಹತ್ತಿಯಲ್ಲಿ ಗೆರೆ ಒರೆಸುವುದು. ಹಸಿರಪ್ಪನಿಗೂ ಹೇಳಿದಳು. ಅವರು ತಲೆಯಾಡಿಸಿದರು. ಆ ತಲೆ ಎಲ್ಲದಕ್ಕೂ ಆಡುತ್ತಿತ್ತು.

ಇನ್ನು ಅಕ್ಕನ ವಿಷಯ. ಅಕ್ಕ ಅದೇ ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ವಿಭಾಗದಲ್ಲಿದ್ದಳು. ಅಪ್ಪ ಅಮ್ಮ ಹೋದ ಮೇಲೆ ತಂಗಿಯನ್ನು ಸಾಕಿದ್ದು, ಓದಿಸಿದ್ದು, ಸೌಂಡಿನ ಕೆಲಸ ಕಲಿಯಲು ಕಳಿಸಿದ್ದು ಎಲ್ಲ ಆ ಸೋಪು ನೀರಿನಿಂದಲೇ. ಆಳೆತ್ತರದ ಯಂತ್ರಗಳು ದಿನವಿಡೀ ಗಡಗಡ ತಿರುಗುವ ಜಾಗ, ಅಲ್ಲಿ ಪಕ್ಕದವಳಿಗೆ "ಉಪ್ಪಿದೆಯಾ?" ಎಂದು ಕೇಳಬೇಕಾದರೂ ಹೊಟ್ಟೆಯಿಂದ ಕೂಗಬೇಕು. ಹಾಗಾಗಿ ಅಕ್ಕನ ಗಂಟಲು ಮನೆಯಲ್ಲೂ ಅದೇ ಅಳತೆಯಲ್ಲಿ ತೆರೆದುಕೊಳ್ಳುತ್ತಿತ್ತು. ಅವಳು ತಂಗಿಯ ಕಿವಿಯಲ್ಲಿ ಗುಟ್ಟು ಹೇಳಿದರೆ ಮೂರನೆಯ ಮನೆಯವರು "ಹೌದಾ?" ಎನ್ನುತ್ತಿದ್ದರು.

ಆ ಒಗೆಯುವ ವಿಭಾಗವನ್ನೇ ಮುಚ್ಚಿ, ಕೆಲಸವನ್ನು ಹೊರಗಿನ ಕಂಪನಿಗೆ ಕೊಡುವುದೆಂದು ಆಡಳಿತದವರು ತೀರ್ಮಾನಿಸಿದ್ದರು. ಆಸ್ಪತ್ರೆ ನಡೆಸುವ ಸಂಘದ ಸದಸ್ಯರ ಸಭೆಯಲ್ಲಿ ಮತಕ್ಕೆ ಹಾಕುವುದೊಂದು ಬಾಕಿ. ಹೆಂಗಸರ ಪರವಾಗಿ ಒಬ್ಬರು ಮಾತಾಡಬಹುದು ಎಂದು ದೊಡ್ಡ ಮನಸ್ಸು ಮಾಡಿದ್ದರು. ಹೆಂಗಸರೆಲ್ಲ ಸೇರಿ ಅಕ್ಕನನ್ನು ಮುಂದೆ ತಳ್ಳಿದರು. ಅವಳ ಮಾತು ಕೇಳಿ ಸದಸ್ಯರ ಮನಸ್ಸು ತಿರುಗಿದರೆ ಉಂಟು, ಇಲ್ಲವಾದರೆ ಮುಂದಿನ ತಿಂಗಳಿಂದ ಅಷ್ಟೂ ಜನ ಬೀದಿಗೆ.

"ನನಗೆ ಮೈಕು ಯಾಕೆ? ಹಾಗೇ ಹೇಳಿದರೆ ಗೇಟಿನ ತನಕ ಕೇಳತ್ತೆ," ಎಂದಳು ಅಕ್ಕ.

"ಕೇಳತ್ತೆ. ಕೇಳಿದವರು ಜಗಳಗಂಟಿ ಬಂದಳು ಅಂತಾರೆ. ದೊಡ್ಡವರ ಮುಂದೆ ಕೂಗಿದರೆ ಕಿವಿ ಮುಚ್ಕೋತಾರೆ ಅಕ್ಕ. ಮೈಕಲ್ಲಿ ಮೆಲ್ಲಗೆ ಮಾತಾಡು, ಮರ್ಯಾದೆ ಕೊಡ್ತಾರೆ," ಎಂದು ಸಿಡುಕಿ ಸೌಟು ಕೈಗೆ ಕೊಟ್ಟು ಅಡುಗೆಮನೆಯಲ್ಲೇ ಪಾಠ ಮಾಡಿದಳು. "ಮೆಲ್ಲಗೆ. ಇನ್ನೂ ಮೆಲ್ಲಗೆ. ಸೌಟು ಗಲ್ಲಕ್ಕೆ ತಾಗಿಸ್ಕೋ. ಅಯ್ಯೋ, ಅದನ್ನ ಬೀಸಬೇಡ!" ಯಾರ ಬಾಯಿಂದ ಯಾರಿಗೆ ಮೆಲ್ಲಗೆ ಮಾತಾಡುವ ಪಾಠ! ಅಕ್ಕ ನಕ್ಕು ನಕ್ಕು ಸುಸ್ತಾದಳು. ಆದರೂ ಕಲಿತಳು.

ಸಭೆಗೆ ಎರಡು ದಿನ ಇರುವಾಗ ಹಸಿರಪ್ಪ ಬಾಗಿಲಲ್ಲಿ ನಿಂತು, ಆ ಕಡೆ ಈ ಕಡೆ ನೋಡಿ, "ನಿನ್ನ ಕೆಲಸ ಪರ್ಮನೆಂಟ್ ಮಾಡೋ ವಿಷಯ ಅಧ್ಯಕ್ಷರ ಮುಂದಿದೆ. ಸಭೆ ದಿನ ಸ್ವಲ್ಪ ಬಾಯಿ ಹಿಡ್ಕೊಂಡಿರು, ಆಯ್ತಾ?" ಎಂದಿದ್ದರು. ಸಿಡುಕಿ ಮನೆಗೆ ಬಂದು ಅದನ್ನು ಹೇಳುತ್ತಾ ತಟ್ಟೆಯನ್ನು ನೆಲಕ್ಕೆ ಕುಕ್ಕಿದಳು. ಅಕ್ಕ ಬಗ್ಗಿದ ತಟ್ಟೆಯನ್ನು ನೋಡಿ, "ಹಿಡ್ಕೊಂಡಿರು ಬಿಡು. ನಮ್ಮಿಬ್ಬರಿಗೂ ಸೇರಿ ನನ್ನ ಬಾಯಿ ಇದೆಯಲ್ಲ," ಎಂದಳು.

ಸಭೆಯ ಬೆಳಿಗ್ಗೆ ಇಬ್ಬರೂ ಬೇಗ ಬಂದರು. ಸಿಡುಕಿ ಚೀಲ ಇಡುವಷ್ಟರಲ್ಲಿ ವೇದಿಕೆಯ ಕಡೆಯಿಂದ ಕರೆ ಬಂತು: ಅಧ್ಯಕ್ಷರ ಮೈಕು ಗುಂಯ್ ಅನ್ನುತ್ತಿದೆ. "ನೀನಿಲ್ಲೇ ಕೂತಿರು," ಎಂದು ಅಕ್ಕನನ್ನು ಮುರಿದ ಕುರ್ಚಿಯಲ್ಲಿ ಕೂರಿಸಿ ಓಡಿದಳು. ಅಕ್ಕನಿಗೆ ಕೂರುವುದೆಂದರೆ ಶಿಕ್ಷೆ. ಕೈ ಸುಮ್ಮನಿದ್ದರೆ ಅವಳಿಗೆ ತುರಿಸುತ್ತದೆ.

ವೇದಿಕೆಯ ವೈರು ಸರಿಮಾಡಿ ಸಿಡುಕಿ ವಾಪಸು ಬರುವಾಗ ಗೂಡಿನಲ್ಲಿ ಅಕ್ಕ ಇರಲಿಲ್ಲ. ಜೊತೆಯ ಹೆಂಗಸರು ಕರೆದುಕೊಂಡು ಹೋಗಿ ಸಭಾಂಗಣದಲ್ಲಿ ಕೂರಿಸಿದ್ದರು. ಮೇಜಿನ ಮೇಲೆ ಬ್ಯಾಟರಿಗಳು ಎರಡು ಗುಂಪಾಗಿ ಇದ್ದವು, ಒಂದು ಗುಂಪಿಗೆ ನೀಟಾಗಿ ಗೆರೆ, ಇನ್ನೊಂದಕ್ಕೆ ಇಲ್ಲ. ಚಾರ್ಜರು ಖಾಲಿ, ದೀಪ ಆರಿತ್ತು. ಹಿಂದಿನ ಸಂಜೆ ಡಾಕ್ಟರುಗಳ ಉಪನ್ಯಾಸವಿತ್ತು. ಸಿಡುಕಿಗೆ ರಜೆ, ಹಸಿರಪ್ಪನೇ ಮೈಕು ನೋಡಿಕೊಂಡಿದ್ದರು. ಅಬ್ಬ, ಮನುಷ್ಯನಿಗೆ ಅಂತೂ ಬುದ್ಧಿ ಬಂತಲ್ಲ ಎಂದುಕೊಂಡಳು ಸಿಡುಕಿ. ಬಳಸಿದ್ದಕ್ಕೆ ಗೆರೆ ಎಳೆದು, ಒಳ್ಳೆಯದನ್ನು ಬೇರೆ ಇಟ್ಟು ಹೋಗಿದ್ದಾರೆ! ಆ ಒಂದು ನಿಮಿಷ ಅವಳಿಗೆ ಹಸಿರಪ್ಪನ ಮೇಲೆ ಪ್ರೀತಿಯೇ ಬಂದುಬಿಟ್ಟಿತು. ಗೆರೆ ಬಿದ್ದದ್ದನ್ನು ಚಾರ್ಜರಿಗೆ ಸಿಕ್ಕಿಸಿದಳು. ಗೆರೆ ಇಲ್ಲದ್ದನ್ನು ಆರಿಸಿ ಮೈಕಿಗೆ ಹಾಕಿದಳು. ಮೈಕು ಮೂರು ಗೆರೆ ತೋರಿಸಿತು.

ಸಭೆ ಶುರುವಾಯಿತು. ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು, "ಬಳಸಿ ಎಸೆಯುವ ಸಂಸ್ಕೃತಿಗೆ ನಾವು ವಿದಾಯ ಹೇಳಿದ್ದೇವೆ. ಈ ಸಭಾಂಗಣದಿಂದ ಇನ್ನು ಒಂದು ಬ್ಯಾಟರಿಯೂ ಕಸಕ್ಕೆ ಹೋಗುವುದಿಲ್ಲ," ಎಂದರು. ಚಪ್ಪಾಳೆ. ಮುಂದಿನ ಸಾಲಿನಲ್ಲಿ ಹಸಿರಪ್ಪ ನಾಚಿ ಕೆಂಪಾದರು. ಚಪ್ಪಾಳೆ ನಿಲ್ಲುವ ಮುಂಚೆಯೇ ಅಧ್ಯಕ್ಷರು ಅದೇ ಉಸಿರಿನಲ್ಲಿ ಒಗೆಯುವ ವಿಭಾಗದ ವಿಷಯ ತೆಗೆದರು: ಖರ್ಚು, ದಕ್ಷತೆ, ಕಾಲಕ್ಕೆ ತಕ್ಕ ಬದಲಾವಣೆ, ವಿಷಾದ.

"ಬ್ಯಾಟರಿ ಎಸೆಯಲ್ಲ, ಹೆಂಗಸರನ್ನ ಎಸೀತಾರೆ. ಥೂ ನಿಮ್ಮ!" ಎಂದಳು ಸಿಡುಕಿ ಗಾಜಿಗೆ. ಗಾಜು ದಪ್ಪವಿತ್ತು, ಬದುಕಿಕೊಂಡರು.

ವೈರಿಲ್ಲದ ಮೈಕು ಸದಸ್ಯರ ನಡುವೆ ಸುತ್ತಾಡಿತು. ಒಬ್ಬರು ಪಾರ್ಕಿಂಗಿನ ಬಗ್ಗೆ ಮಾತಾಡಿದರು, ಇನ್ನೊಬ್ಬರು ಪಾರ್ಕಿಂಗಿನ ಬಗ್ಗೆ ಮಾತಾಡಿದವರ ಬಗ್ಗೆ ಮಾತಾಡಿದರು. ಕೊನೆಗೆ ಅದು ಅಕ್ಕನ ಕೈಗೆ ಬಂತು. ಅಕ್ಕ ಎದ್ದು ನಿಂತು ಮೈಕನ್ನು ಗಲ್ಲಕ್ಕೆ ತಾಗಿಸಿಕೊಂಡಳು, ಥೇಟ್ ಸೌಟಿನ ಹಾಗೆ. ಸಿಡುಕಿಯ ಕೈ ಹಲಗೆಯ ಮೇಲಿತ್ತು. ಅಕ್ಕನ ದನಿಗೆ ಒಂದಿಷ್ಟೂ ಒರಟು ಬಾರದ ಹಾಗೆ ಗುಂಡಿಗಳನ್ನು ಕೂದಲೆಳೆಯಷ್ಟು ಮೇಲೆ, ಕೂದಲೆಳೆಯಷ್ಟು ಕೆಳಗೆ ಜಾರಿಸುತ್ತಿದ್ದಳು.

"ನಮಸ್ಕಾರ," ಎಂದಳು ಅಕ್ಕ, ಮೆಲ್ಲಗೆ. "ನಾನು ನೆಲಮಾಳಿಗೆಯಿಂದ ಬಂದಿದೀನಿ. ಖರ್ಚು ಅಂದ್ರಿ. ಒಂದೇ ಒಂದು ಮಾತು ಕೇಳ್ತೀನಿ. ಆ ವರ್ಷ ಜ್ವರದ ವಾರ್ಡು ತುಂಬಿತ್ತು, ನೆನಪಿದೆಯಲ್ಲ. ಆ ಬಟ್ಟೆ ಮುಟ್ಟೋಕೆ ಯಾರೂ ಬರಲಿಲ್ಲ. ಈಗ ನೀವು ಹೇಳ್ತಿರೋ ಅದೇ ಕಂಪನಿ ಲಾರಿ ಗೇಟಿನ ತನಕ ಬಂತು, ವಾರ್ಡಿನ ಹೆಸರು ಕೇಳಿ ಹಿಂದೆ ತಿರುಗಿಸ್ಕೊಂಡು ಹೋಯ್ತು. ಆವಾಗ ಆ ಬಟ್ಟೆ ಒಗೆದದ್ದು..."

ಪಾರ್ಕಿಂಗಿನವರೂ ಕೇಳುತ್ತಿದ್ದರು. ಅಧ್ಯಕ್ಷರು ಸಮಯ ಆಯಿತು ಎನ್ನುವಂತೆ ಸೌಂಡ್ ರೂಮಿನ ಕಡೆ ಒಂದು ಬೆರಳೆತ್ತಿದರು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು. ಮೈಕು ಸತ್ತಿತು.

ಅಕ್ಕನ ತುಟಿ ಇನ್ನೊಂದು ಮಾತು ಆಡಿತು. ಅದು ಎರಡನೆಯ ಸಾಲಿಗೂ ತಲುಪಲಿಲ್ಲ. ಸಿಡುಕಿ ಚಾರ್ಜರಿನಿಂದ ಸಿಕ್ಕಿದ್ದನ್ನು ಕಿತ್ತುಕೊಂಡು, ಬಾಗಿಲಿಗೆ ಭುಜ ಬಡಿಸಿಕೊಂಡು, ಸಾಲುಗಳ ನಡುವೆ ಓಡಿದಳು. ಅರ್ಧ ದಾರಿಯಲ್ಲಿದ್ದಾಗಲೇ ಅಧ್ಯಕ್ಷರ ವೈರಿನ ಮೈಕು ಗಟ್ಟಿಯಾಗಿ ಹೇಳಿತು: "ತಾಂತ್ರಿಕ ತೊಂದರೆ. ಹೇಗೂ ಸಮಯ ಆಯಿತು. ಅವರ ಭಾವನೆ ನಮಗೆಲ್ಲ ಅರ್ಥವಾಗಿದೆ. ಚಹಾ ಕುಡಿದು ಬಂದು ಮತ ಹಾಕೋಣ." ಕುರ್ಚಿಗಳು ಸರಿದವು. ಅಕ್ಕ ಸತ್ತ ಮೈಕನ್ನು ಹಿಡಿದುಕೊಂಡೇ ನಿಂತಿದ್ದಳು. ನೋಡುತ್ತಿದ್ದದ್ದು ಅಧ್ಯಕ್ಷರನ್ನಲ್ಲ, ಹಿಂದಿನ ಗಾಜಿನ ಕಿಟಕಿಯನ್ನು. ಆಮೇಲೆ ಎದುರಿಗೆ ಬಂದು ನಿಂತ ತಂಗಿಯ ಕೈಗೆ ಮೈಕು ಕೊಟ್ಟು, ಹಿಂಬಾಗಿಲಿನಿಂದ ಹೊರಗೆ ನಡೆದಳು.

ಹಿಂಬಾಗಿಲಿನ ಆಚೆ ಇಳಿಜಾರಿನಲ್ಲಿ ಕೊಳೆ ಬಟ್ಟೆಯ ತಳ್ಳುಗಾಡಿಗಳು ಸಾಲಾಗಿ ನಿಂತಿದ್ದವು. ಅಕ್ಕ ಒಂದು ಗಾಡಿಯ ಕಂಬಿ ಹಿಡಿದು ನಿಂತಿದ್ದಳು.

"ಅಕ್ಕಾ!"

"ಪರ್ಮನೆಂಟ್ ಆಯ್ತಾ?" ಎಂದಳು ಅಕ್ಕ.

ಸಿಡುಕಿಗೆ ಅರ್ಥವಾಗಲಿಲ್ಲ. "ಏನು?"

"ಆಯ್ತಾ ಅಂತ ಕೇಳ್ತಿದೀನಿ. ಆತ ಬೆರಳೆತ್ತಿದ, ನೀನು ಒತ್ತಿದೆ. ಕಣ್ಣಾರೆ ನೋಡಿದೆ ಕಣೇ. ನಿನ್ನ ಕೈ ಹಲಗೆ ಮೇಲಿತ್ತು."

"ಹಲಗೆ ಮೇಲಲ್ಲದೆ ತಲೆ ಮೇಲೆ ಇಟ್ಕೊಂಡಿರಬೇಕಿತ್ತಾ? ಅದು ನನ್ನ ಕೆಲಸ!" ಸಿಡುಕಿಯ ದನಿ ಒಡೆಯಿತು. ಕೋಪಕ್ಕೋ ಅಳುವಿಗೋ ಅವಳಿಗೇ ತಿಳಿಯಲಿಲ್ಲ. "ನಾನು? ನಿನ್ನ ಮಾತು ನಾನು ನಿಲ್ಲಿಸ್ತೀನಾ? ಉಂಡ ಮನೆಗೆ ಎರಡು ಬಗೆಯೋಳ ಹಾಗೆ ಕಾಣ್ತೀನಾ ನಿನ್ನ ಕಣ್ಣಿಗೆ? ಬೇರೆ ಯಾರಾದರೂ ಅಂದಿದ್ದರೆ ಹಲ್ಲು ಉದುರಿಸ್ತಿದ್ದೆ. ನೀನು ಅಂದೆಯಲ್ಲ, ನೀನು!"

"ಮತ್ತೆ ಸತ್ತದ್ದು ಹೇಗೆ? ಅಷ್ಟು ಜನ ಮಾತಾಡುವಾಗ ಇತ್ತು. ನನಗೇ ಸಾಯಬೇಕಿತ್ತಾ?"

"ಬ್ಯಾಟರಿ! ಆ ಹಾಳು ಹಸಿರಪ್ಪನ ಬ್ಯಾಟರಿ!" ಮೈಕಿನ ಹೊಟ್ಟೆ ಬಿಚ್ಚಿ ಬ್ಯಾಟರಿಗಳನ್ನು ಗಾಡಿಯ ಮೇಲೆ ಕುಕ್ಕಿದಳು. ಅವು ಉರುಳಿ ಕೊಳೆ ಬಟ್ಟೆಯ ಮಡಿಕೆಯಲ್ಲಿ ನಿಂತವು. "ನೋಡು, ನಿನ್ನ ಕಣ್ಣಿಂದಲೇ ನೋಡು. ಗೆರೆ ಇಲ್ಲದ್ದನ್ನೇ ಆರಿಸಿ ಹಾಕಿದೀನಿ. ಗೆರೆ ಇದ್ದದ್ದನ್ನೆಲ್ಲ ಚಾರ್ಜಿಗೆ ಹಾಕಿ, ಗೆರೆ ಇಲ್ಲದ್ದನ್ನ ಹುಡುಕಿ ಹುಡುಕಿ ನಿನಗೆ ಅಂತ ಹಾಕಿದೀನಿ!"

ಅಕ್ಕನ ಮುಖದಲ್ಲಿ ಏನೋ ಬದಲಾಯಿತು. "ಗೆರೆ ಇಲ್ಲದ್ದನ್ನ ಯಾಕೆ ಹಾಕಿದೆ?"

"ಇನ್ನೇನು ಹಾಕಲಿ? ಗೆರೆ ಇದ್ದರೆ ಬಳಸಿದ್ದು ಅಂತ."

"ಗೆರೆ ಇದ್ದರೆ ಜೀವ ಇದೆ ಅಂತ ಅಲ್ವೇನೆ?"

ಸಿಡುಕಿ ಬಗ್ಗಿ ಆ ಬ್ಯಾಟರಿಗಳನ್ನು ಇನ್ನೊಮ್ಮೆ ನೋಡಿದಳು.

"ಮನೆಗೆ ನೀನು ತಂದದ್ದೆಲ್ಲ ಗೆರೆ ಇದ್ದದ್ದೇ," ಎಂದಳು ಅಕ್ಕ. "ಹಾಕಿದರೆ ಗಡಿಯಾರ ಓಡ್ತು, ಟಾರ್ಚು ಉರೀತು. ಒಂದು ಸಲ ನೀನು ಇಲ್ಲದಾಗ ಅಂಗಡಿಯಿಂದ ತಂದೆ, ಗೆರೆ ಇರಲಿಲ್ಲ, ವಾರ ಬರಲಿಲ್ಲ ದರಿದ್ರದ್ದು. ಒಳ್ಳೇದನ್ನ ನೋಡಿ ನನ್ನ ತಂಗಿ ಗುರುತು ಹಾಕಿರ್ತಾಳೆ ಅಂತ ಇಷ್ಟು ದಿನ ಅಂದ್ಕೊಂಡಿದ್ದೆ. ಬೆಳಿಗ್ಗೆ ಕೂತಿದ್ದೆ, ಆ ಡಬ್ಬಿ ಮೇಲೆ ಹಸಿರು ದೀಪ ಬಂತು. ನೀನು ಅಲ್ಲಿ ಒದ್ದಾಡ್ತಿದ್ದೆ. ತೆಗೆದಿಟ್ಟು, ಕರೆಂಟು ಯಾಕೆ ದಂಡ ಅಂತ ಸ್ವಿಚ್ಚು ಆರಿಸಿದೆ. ಪೆನ್ನು ಅಲ್ಲೇ ಇತ್ತು. ಒಂದೊಂದು ಗೆರೆ ಎಳೆದೆ. ನಿನಗೆ ಒಂದು ಕೆಲಸ ಕಡಿಮೆ ಆಗಲಿ ಅಂತ ಕಣೇ."

ಅಂದರೆ ಹಸಿರಪ್ಪ ಗೆರೆ ಎಳೆಯದೇ ಚಾರ್ಜಿಗೆ ಹಾಕಿ ಹೋದದ್ದು ತುಂಬಿದ ಮೇಲೆ ಅದಕ್ಕೆ ಅಕ್ಕನ ಗೆರೆ. ಸಂಜೆ ಬಳಸಿ ಮೇಜಿನ ಮೇಲೆ ಬಿಸಾಕಿ ಹೋದದ್ದಕ್ಕೆ ಗೆರೆಯೇ ಇಲ್ಲ. ಸಿಡುಕಿ ತುಂಬಿದ್ದನ್ನು ಮತ್ತೆ ತುಂಬಲು ಹಾಕಿ, ಖಾಲಿಯನ್ನು ಅಕ್ಕನ ಕೈಗೆ ಕೊಟ್ಟಿದ್ದಳು. ಅವಳಿಗೆ ಅಕ್ಕನ ತಲೆಯನ್ನು ಗೋಡೆಗೆ ಚಚ್ಚಬೇಕು ಅನ್ನಿಸಿತು. ತನ್ನ ತಲೆಯನ್ನೂ.

"ಒಂದು ಮಾತು ಹೇಳಬಾರದಾ? ಬಾಯಿ ಬಿದ್ದುಹೋಗಿತ್ತಾ?"

"ನೀನು ಕೇಳಬಾರದಾ? ಇಷ್ಟು ವರ್ಷ ಗೆರೆ ಹಾಕ್ಕೊಂಡು ತಂದುಕೊಟ್ಟೆ, ಅದು ಏನು ಅಂತ ಒಂದು ದಿನ ಹೇಳಿದೆಯಾ?"

ತಪ್ಪು ತನ್ನದಾದಾಗ ಸಿಡುಕಿ ಇನ್ನಷ್ಟು ಕೂಗುವವಳು. "ಸರಿ, ಬ್ಯಾಟರಿ ಸತ್ತಿತು! ನಿನ್ನ ಗಂಟಲಿಗೆ ಏನು ಬಂದಿತ್ತು? ಮನೇಲಿ ಉಪ್ಪು ಕೇಳಿದರೆ ಊರು ಏಳತ್ತೆ. ಅಲ್ಲಿ ಯಾಕೆ ಗುಬ್ಬಚ್ಚಿ ಆದೆ? ಕೂಗಬೇಕಿತ್ತು!"

"ಮೈಕು ಸತ್ತದ್ದಕ್ಕೆ ನಾನು ಸುಮ್ಮನಾಗಲಿಲ್ಲ," ಎಂದಳು ಅಕ್ಕ. ಈಗಲೂ ಅವಳ ದನಿ ಏರಲಿಲ್ಲ. "ಮೈಕು ಹೋದರೆ ನನಗೇನು? ಕೂಗೋಣ ಅಂತಲೇ ಉಸಿರು ತಗೊಂಡೆ. ಹಿಂದೆ ನೋಡಿದೆ. ನೀನು ಆಫ್ ಮಾಡಿದೆ ಅನ್ನಿಸ್ತು. ನನ್ನ ತಂಗಿಗೇ ನನ್ನ ಮಾತು ಬೇಡ ಅಂದಮೇಲೆ ಇನ್ಯಾರಿಗೆ ಹೇಳಲಿ?"

ಸಿಡುಕಿ ಗಾಡಿಯ ಇನ್ನೊಂದು ಬದಿಯ ಕಂಬಿ ಹಿಡಿದುಕೊಂಡಳು. ಕೋಪ ಇನ್ನೂ ಇತ್ತು, ಮೈತುಂಬ ಇತ್ತು. ಅಕ್ಕನ ಮೇಲೆ ಹಾಕಲು ನೋಡಿದಳು, ನಿಲ್ಲಲಿಲ್ಲ. ತನ್ನ ಮೇಲೆ ಹಾಕಿಕೊಂಡಳು, ಅರ್ಧವಷ್ಟೇ ನಿಂತಿತು. ಹಸಿರಪ್ಪನ ಮೇಲೂ ಒಂದಿಷ್ಟು ಸುರಿದಳು. ಇನ್ನೂ ಮಿಕ್ಕಿತ್ತು. ಆ ಮಿಕ್ಕ ಕೋಪ ಯಾರದ್ದೆಂದು ಅವಳಿಗೆ ಒಮ್ಮೆಲೇ ಹೊಳೆಯಿತು.

"ಅಕ್ಕಾ, ಆತನ ಮುಂದೆ ಮೈಕು ಇತ್ತಲ್ಲ."

"ಯಾರ ಮುಂದೆ?"

"ಅಧ್ಯಕ್ಷನ ಮುಂದೆ! ವೈರಿಂದು. ಅದಕ್ಕೆ ಬ್ಯಾಟರಿನೇ ಇಲ್ಲ, ಸಾಯೋ ಮಾತೇ ಇಲ್ಲ. ಇಲ್ಲಿ ಬಂದು ಮಾತಾಡಮ್ಮ ಅಂತ ಒಂದು ಮಾತು ಅಂದನಾ? ನಾಲ್ಕು ಹೆಜ್ಜೆ ದೂರ. ಮುಂದಿನ ಸಾಲಲ್ಲಿ ಅಷ್ಟು ಜನ ಕೂತಿದ್ದರು, ಅವರಾದರೂ ಅಂದರಾ? ಮೈಕು ಸತ್ತ ಕೂಡಲೇ ಎಲ್ಲರಿಗೂ ಚಹಾ ನೆನಪಾಯ್ತು. ಗೆರೆ ನಿನ್ನದು, ಬ್ಯಾಟರಿ ನನ್ನದು, ಒಪ್ಪಿದೆ. ಅಷ್ಟು ತಪ್ಪು ನಮ್ಮದು. ಮಿಕ್ಕದ್ದಕ್ಕೆ ನಾವು ಯಾಕೆ ಇಲ್ಲಿ ನಿಂತು ಕಚ್ಚಾಡಬೇಕು?"

ಅಕ್ಕ ಬಟ್ಟೆಯ ಮಡಿಕೆಯಿಂದ ಬ್ಯಾಟರಿಗಳನ್ನು ಹೆಕ್ಕಿ ಸೆರಗಿನ ತುದಿಯಲ್ಲಿ ಒರೆಸಿದಳು. ಒಳಗೆ ಗಂಟೆ ಹೊಡೆಯಿತು.

"ಚಾರ್ಜಾದದ್ದು ಹಾಕಿಕೊಡ್ತೀನಿ," ಎಂದಳು ಸಿಡುಕಿ.

"ಬೇಡ," ಎಂದಳು ಅಕ್ಕ.

ಸದಸ್ಯರು ಬಾಯಿ ಒರೆಸಿಕೊಳ್ಳುತ್ತಾ ಬಂದು ಕೂತರು. ಸೌಂಡ್ ರೂಮಿನಲ್ಲಿ ಈ ಸಲ ಹಸಿರಪ್ಪನೂ ಬಂದು ನಿಂತಿದ್ದರು, ಹಣೆಯ ತುಂಬ ಬೆವರು. "ಏನಾಯ್ತಮ್ಮ ಬ್ಯಾಟರಿಗೆ? ಸಂಜೆ ನಾನು ಕೆಲವನ್ನ ಚಾರ್ಜಿಗೆ ಇಟ್ಟೇ ಹೋಗಿದ್ದೆನಲ್ಲ, ಗೆರೆ ಗಿರೆ ಮರೆತುಹೋಯ್ತು. ಇನ್ನೊಂದು ಹತ್ತು ನಿಮಿಷ ತಡ್ಕೋ. ನಿನ್ನ ವಿಷಯ ಆತನ ಕೈಲಿದೆ, ನೆನಪಿರಲಿ. ನನ್ನದೂ ಆತನ ಕೈಲೇ ಇದೆ," ಎಂದು ಪಿಸುಗುಟ್ಟಿದರು. ಸಿಡುಕಿ ಕುರ್ಚಿ ಎಳೆದುಕೊಂಡಳು.

"ಈಗ ಮತಕ್ಕೆ ಹೋಗೋಣ," ಎಂದರು ಅಧ್ಯಕ್ಷರು.

ಸಭೆಯ ನಡುವೆ ಅಕ್ಕ ಎದ್ದು ನಿಂತಳು. "ನನ್ನ ಮಾತು ಮುಗಿದಿಲ್ಲ."

"ನೋಡಮ್ಮ, ನಿಮಗೆ ಅವಕಾಶ ಕೊಟ್ಟಾಯಿತು." ಅಧ್ಯಕ್ಷರ ದನಿ ನಾಲ್ಕೂ ಗೋಡೆಗಳ ಸ್ಪೀಕರ್ ಪೆಟ್ಟಿಗೆಗಳಿಂದ ಹೊರಟು ಸಭಾಂಗಣವನ್ನು ತುಂಬಿತು. ಅಕ್ಕನ ಬಾಯಿ ಆಡುತ್ತಿರುವುದು ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ. "ಸಭೆಗೆ ಒಂದು ಶಿಸ್ತು ಇದೆ. ದಯವಿಟ್ಟು ಕೂತುಕೊಳ್ಳಿ. ಸದಸ್ಯರು ಕೈ ಎತ್ತಬೇಕೆಂದು..."

ಸಿಡುಕಿ ಅಧ್ಯಕ್ಷರ ಮೈಕಿನ ಗುಂಡಿಯ ಮೇಲೆ ಬೆರಳಿಟ್ಟು, ಯಾವ ಅವಸರವೂ ಇಲ್ಲದೆ, ತಳದವರೆಗೆ ಜಾರಿಸಿದಳು.

ಅಧ್ಯಕ್ಷರ ತುಟಿಗಳು ಇನ್ನಷ್ಟು ಹೊತ್ತು ಆಡಿದವು. ಅವರು ಮೈಕನ್ನು ಬೆರಳಿನಿಂದ ಕುಟ್ಟಿದರು. ಗಾಳಿ ಊದಿದರು. ಜೀವನವಿಡೀ ಮೈಕಿನಲ್ಲೇ ಮಾತಾಡಿದ ಗಂಟಲು, ಬರಿಗಂಟಲಿನಲ್ಲಿ ಮೊದಲ ಸಾಲಿನವರಿಗೂ ಸಾಲಲಿಲ್ಲ.

"ಏನಾಯ್ತು? ಮತ್ತೆ ಬ್ಯಾಟರಿನಾ?" ಎಂದು ಹಸಿರಪ್ಪ ಅವಳ ಭುಜ ಹಿಡಿದರು.

"ಅದಕ್ಕೆ ಬ್ಯಾಟರಿ ಇಲ್ಲ ಸಾರ್," ಎಂದಳು ಸಿಡುಕಿ. "ಇದನ್ನ ಮಾತ್ರ ನಾನೇ ಆಫ್ ಮಾಡಿದ್ದು. ಯಾರು ಕೇಳಿದರೂ ಹಾಗೇ ಹೇಳಿ."

ಹೇಳಿ, ಎರಡೂ ಅಂಗೈಗಳನ್ನು ಎತ್ತಿ ಗಾಜಿಗೆ ಒತ್ತಿದಳು, ಅಕ್ಕನಿಗೆ ಕಾಣುವ ಹಾಗೆ. ಹಲಗೆಯ ಮೇಲೆ ಈಗ ಯಾರ ಕೈಯೂ ಇರಲಿಲ್ಲ. ಅಕ್ಕ ಹಿಂದೆ ತಿರುಗಿ ಒಮ್ಮೆ ನೋಡಿದಳು. ಆಮೇಲೆ ಮುಂದಕ್ಕೆ ತಿರುಗಿ, ಸೊಂಟಕ್ಕೆ ಕೈಕೊಟ್ಟು, ನೆಲಮಾಳಿಗೆಯಲ್ಲಿ ಯಂತ್ರಗಳೆಲ್ಲ ತಿರುಗುತ್ತಿರುವಾಗ ತೆಗೆದುಕೊಳ್ಳುವಂಥ ಉಸಿರನ್ನು ತೆಗೆದುಕೊಂಡಳು.

"ಆ ಬಟ್ಟೆ ಒಗೆದದ್ದು ಯಾರು?"

ಕಿಟಕಿಯ ಗಾಜು ಸಿಡುಕಿಯ ಅಂಗೈಯೊಳಗೆ ಝುಂ ಎಂದಿತು. ಅಷ್ಟು ದಪ್ಪದ ಗಾಜು. ಹಿಂಬಾಗಿಲ ಬಳಿ ಒಗೆಯುವ ಹೆಂಗಸರೆಲ್ಲ ಬಂದು ನಿಂತಿದ್ದರು, ಮೊಣಕೈವರೆಗೆ ಒದ್ದೆ. ಪ್ರಶ್ನೆ ತಮಗಲ್ಲವಾದರೂ ಉತ್ತರ ಕೊಟ್ಟವರು ಅವರೇ, ಅದೇ ಗಂಟಲಿನಲ್ಲಿ. ಪಾರ್ಕಿಂಗಿನ ಸದಸ್ಯರು ಕುರ್ಚಿಯಲ್ಲಿ ನೆಟ್ಟಗಾದರು.

"ನಮ್ಮಲ್ಲಿ ಒಬ್ಬಳು ಆ ಬಟ್ಟೆ ಒಗೆದು ಮನೆಗೆ ಹೋಗಲೇ ಇಲ್ಲ," ಎಂದಳು ಅಕ್ಕ. "ಅವಳ ಹೆಸರು ನಿಮ್ಮಲ್ಲಿ ಯಾರಿಗೆ ಗೊತ್ತು, ಅವರು ಮೊದಲು ಕೈ ಎತ್ತಿ. ಮತ ಆಮೇಲೆ ಹಾಕೋಣ."

ಅಧ್ಯಕ್ಷರು ಗಾಜಿನ ಕಡೆ ಬೆರಳೆತ್ತಿ ಏನೋ ಕೂಗುತ್ತಿದ್ದರು. ಹಸಿರಪ್ಪ ಗುಂಡಿಗೆ ಕೈ ಚಾಚಿದರು. ಅಂಗೈ ಗಾಜಿನ ಮೇಲೇ ಇಟ್ಟುಕೊಂಡು ಸಿಡುಕಿ ಕುರ್ಚಿಯನ್ನು ಒಂದಿಷ್ಟು ಹಿಂದಕ್ಕೆ ಸರಿಸಿ, ಅವರಿಗೂ ಹಲಗೆಗೂ ನಡುವೆ ಅಡ್ಡ ಕೂತಳು. ಹಸಿರಪ್ಪ ಮತ್ತೆ ಕೈ ಚಾಚಲಿಲ್ಲ. ಸಭೆಯಲ್ಲಿ ಒಂದು ಕೈಯೂ ಏಳಲಿಲ್ಲ. ಅಕ್ಕ ಕಾಯುತ್ತಾ ನಿಂತಿದ್ದಳು.